ಪೂಜೆ ರಾತ್ರಿಯ ಹೊಗೆ

"ನಮ್ಮೂರಿಗೆ ನೀರಿನ ಟ್ಯಾಂಕು ಎರಡು ಯಾವಾಗ ಆಯ್ತು?" ಎಂದು ರುದ್ರಮ್ಮ ಕೇಳಿದಳು.

ಏಣಿಯ ಮೇಲೆ ನಿಂತು ಫ್ಲೆಕ್ಸಿನ ಮೂಲೆಗೆ ಹಗ್ಗ ಬಿಗಿಯುತ್ತಿದ್ದ ಫೋಟೊ ಸ್ಟುಡಿಯೋದ ಭಾನುಪ್ರಕಾಶ ಕೆಳಗೆ ನೋಡಿದ. ಖಾಕಿ ಸೀರೆ, ಕಂಕುಳಲ್ಲಿ ಲಾಠಿ, ಹಣೆಯ ಮೇಲೆ ಕಾಸಿನಗಲ ಕುಂಕುಮ. ಬಾಗಲಗುಂಟೆಯ ಎಎಸ್‌ಐ ರುದ್ರಮ್ಮನನ್ನು ಗುರುತು ಹಿಡಿಯಲು ಅವನಿಗೆ ಹೊತ್ತು ಬೇಕಾಗಲಿಲ್ಲ.

"ಯಾವ ಟ್ಯಾಂಕು ಮೇಡಂ?"

"ಅಗೋ, ನಿನ್ ಫ್ಲೆಕ್ಸಲ್ಲಿ ನರಸಿಂಹಯ್ಯನ ಶೆಡ್ಡಿನ ಬಲಕ್ಕೊಂದೈತೆ. ಅದು ಸರಿ. ಎಡಕ್ಕೂ ಅಂಥದ್ದೇ ಒಂದೈತಲ್ಲ, ಅದೆಲ್ಲಿಂದ ಬಂತು?"

ನಾಳೆಯ ರಾಜ್ಯೋತ್ಸವಕ್ಕೆ ವೇದಿಕೆ ಏಳುತ್ತಿತ್ತು. ವೇದಿಕೆಯ ಹಿಂದಿನ ಪರದೆಯೇ ಆ ಫ್ಲೆಕ್ಸು. ಅದರ ಮೇಲಿದ್ದದ್ದು ಶೆಡ್ ಮಾಲೀಕರ ಸಂಘದವರು ಹೇಳಿ ತೆಗೆಸಿದ ರಾತ್ರಿಯ ಪೀಣ್ಯದ ಫೋಟೊ. ಆಯುಧಪೂಜೆಯ ಸಂಜೆ ಐದಂತಸ್ತಿನ ಕಟ್ಟಡದ ತಾರಸಿಗೆ ಭಾನುಪ್ರಕಾಶ ತನ್ನ ಹೊಸ ಡಿಜಿಟಲ್ ಕ್ಯಾಮೆರಾ ಹೊತ್ತು ಹತ್ತಿದ್ದ. ಸಾಲು ಶೆಡ್ಡುಗಳ ನೆತ್ತಿಯ ಮೇಲೆ ಬಣ್ಣದ ಸೀರಿಯಲ್ ಸೆಟ್ಟು, ಅವುಗಳ ಹಿಂದೆ ಮೇಲ್ಸೇತುವೆಯ ಮೇಲೆ ಲಾರಿಗಳ ದೀಪ ಎಳೆದ ಕೆಂಪು ಬಿಳಿ ಗೆರೆ, ಅದರಾಚೆ ಯಶವಂತಪುರದ ಎತ್ತರದ ಕಟ್ಟಡಗಳು. ನೋಡಲು ಚೆನ್ನಾಗಿಯೇ ಇತ್ತು.

"ಸ್ವಲ್ಪ ಟಚಪ್ ಮಾಡಿದೀನಿ ಅಷ್ಟೇ," ಎಂದ ಭಾನುಪ್ರಕಾಶ. "ನಿಮ್ಮ ಫೋಟೊ ಹಾಕಿದ್ರೂ ಮಾಡ್ತೀವಿ. ಹತ್ತು ವರ್ಷ ಇಳಿಸ್ತೀವಿ."

"ಇಳಿಸ್ಬೇಡ. ಏಣಿ ಇಳಿ."

ರುದ್ರಮ್ಮನಿಗೆ ಬಲಗಡೆಯ ಟ್ಯಾಂಕು ಚೆನ್ನಾಗಿ ಗೊತ್ತು. ಅದು ಏಳುವಾಗ ಅವಳ ತಾಯಿ ಅದಕ್ಕೆ ಮರಳು ಹೊತ್ತಿದ್ದಳು. ಅದರ ಎಡಕ್ಕೆ ಆಗ ನರಸಿಂಹಯ್ಯನ ಅಪ್ಪನ ರಾಗಿ ಹೊಲ. ಈಗ ಶೆಡ್ಡಿನ ತಗಡು, ತಗಡಿನ ಮೇಲೆ ಬರೀ ಆಕಾಶ. ಆ ಆಕಾಶವನ್ನು ಯಾರೋ ತೇಪೆ ಹಾಕಿ ಮುಚ್ಚಿದ್ದರು. ಬಲಗಡೆಯ ತುಂಡನ್ನೇ ಕತ್ತರಿಸಿ ಎಡಕ್ಕೆ ಅಂಟಿಸಿದಾಗ ಟ್ಯಾಂಕೂ ಜೊತೆಗೆ ಬಂದುಬಿಟ್ಟಿತ್ತು.

ಆ ಶೆಡ್ಡಿನಲ್ಲಿ ಹಿತ್ತಾಳೆ ಎರಕದ ಭಟ್ಟಿ ನೋಡಿಕೊಳ್ಳುತ್ತಿದ್ದ ಭರಮಪ್ಪ ಆಯುಧಪೂಜೆಯ ರಾತ್ರಿಯಿಂದ ಕಾಣೆಯಾಗಿದ್ದ. ಹಿತ್ತಾಳೆ ಗಟ್ಟಿ ಕದ್ದು ಓಡಿಹೋದ ಎಂದು ನರಸಿಂಹಯ್ಯ ದೂರು ಕೊಟ್ಟಿದ್ದ. ನನ್ನ ಗಂಡ ಕಳ್ಳನಲ್ಲ, ಅವನನ್ನು ಏನೋ ಮಾಡಿದ್ದಾರೆ ಎಂದು ಭರಮಪ್ಪನ ಹೆಂಡತಿ ನೀಲಾಂಬಿಕಾ ದಿನವೂ ಠಾಣೆಯ ಮೆಟ್ಟಿಲ ಮೇಲೆ ಬಂದು ಕೂರುತ್ತಿದ್ದಳು. ಸಂಜೆಯೊಳಗೆ ಏನೂ ಸಿಗದಿದ್ದರೆ 'ಕದ್ದು ಪರಾರಿ' ಎಂದು ಬರೆದು ಊರೂರಿಗೆ ಅವನ ಫೋಟೊ ಕಳಿಸುವುದಾಗಿ ಇನ್‌ಸ್ಪೆಕ್ಟರು ಇವತ್ತು ಬೆಳಿಗ್ಗೆ ಹೇಳಿದ್ದರು.

"ಅಸಲು ಫೋಟೊ ಎಲ್ಲೈತೆ?"

"ಡಿಲೀಟ್ ಆಗಿದೆ ಮೇಡಂ."

"ಹಂಗಾದ್ರೆ ಕಂಪ್ಯೂಟರ್ನ ಠಾಣೆಗೆ ಎತ್ತಿಸ್ತೀನಿ. ಅಲ್ಲಿ ನಿಧಾನಕ್ಕೆ ಹುಡುಕೋಣ. ಮದುವೆ ಸೀಸನ್ ಮುಗಿಯೋ ಹೊತ್ತಿಗೆ ವಾಪಸ್ ಬರ್ಬೋದು."

ಭಾನುಪ್ರಕಾಶ ಏಣಿ ಇಳಿದ.

* * *

ಸ್ಟುಡಿಯೋ ಎಂದರೆ ಒಂದು ಮಳಿಗೆ, ಅರ್ಧಕ್ಕೆ ಪರದೆ. ಪರದೆಯ ಹಿಂದೆ ಕಂಪ್ಯೂಟರು. ಅವನು ಮೌಸ್ ಒತ್ತಿದ ರೀತಿಯಲ್ಲೇ ಸಿಟ್ಟು ಕಾಣುತ್ತಿತ್ತು.

"ಸಂಘದ ಕೆಲಸ ಇದು. ವರ್ಷಪೂರ್ತಿ ಅವರ ಫಂಕ್ಷನ್ನು, ಅವರ ಮಕ್ಕಳ ನಾಮಕರಣ. ಕೈ ತಪ್ಪಿದ್ರೆ ನೀವು ಕೊಡ್ತೀರಾ ಕೆಲಸ?"

"ನಮ್ಮಲ್ಲೂ ಫೋಟೊ ತೆಗೆಯೋ ಕೆಲಸ ಐತೆ. ಹೆಣದ್ದು. ಬರ್ತೀಯಾ?"

ಕಂಪ್ಯೂಟರಿನ ಪರದೆಯ ಮೇಲೆ ಚಿತ್ರಗಳು ಒಂದರ ಹಿಂದೊಂದು ತೆರೆದುಕೊಂಡವು. ಎಲ್ಲವೂ ಒಂದೇ ಜಾಗದಿಂದ ತೆಗೆದವು. ಮೊದಲಿನವುಗಳಲ್ಲಿ ಆಕಾಶ ಇನ್ನೂ ನೀಲಿ ಉಳಿದಿತ್ತು. ಆಮೇಲಾಮೇಲೆ ಕತ್ತಲು ಗಟ್ಟಿಯಾಗುತ್ತ ದೀಪಗಳು ಅರಳಿದ್ದವು.

ರುದ್ರಮ್ಮ ಕುರ್ಚಿ ಎಳೆದುಕೊಂಡು ಕೂತಳು. ಪೈರಿನಲ್ಲಿ ಹುಳ ಬಿದ್ದಿದೆಯೋ ಎಂದು ಸಾಲು ಸಾಲಾಗಿ ಎಲೆ ಮಗುಚಿ ನೋಡುವವರ ಹಾಗೆ ಒಂದೊಂದನ್ನೇ ನೋಡಿದಳು. ಭಾನುಪ್ರಕಾಶ ಬೇಗ ಬೇಗ ಮುಂದಕ್ಕೆ ಹಾರಿಸಲು ಹೋದಾಗ ಅವನ ಕೈ ತಡೆದಳು.

ಒಂದು ಚಿತ್ರದಲ್ಲಿ ನರಸಿಂಹಯ್ಯನ ಶೆಡ್ಡಿನ ಮೇಲೆ ಬರೀ ಕತ್ತಲು. ಅದರ ಮುಂದಿನದರಲ್ಲಿ ತಗಡಿನ ಕಂಡಿಯಿಂದ ತೆಳ್ಳಗೆ ಹೊಗೆ ಎದ್ದಿತ್ತು. ಕೆಳಗಿನಿಂದ ಬೆಂಕಿಯ ಬೆಳಕು ಹತ್ತಿ ಆ ಹೊಗೆ ಕೆಂಪಾಗಿತ್ತು. ಮುಂದಿನದರಲ್ಲಿ ಇನ್ನೂ ಕೆಂಪು.

"ತೆಗೆಯುವಾಗ ನಿನಗೆ ಇದು ಕಾಣಿಸ್ಲಿಲ್ವಾ?"

"ಇಲ್ಲ ಮೇಡಂ, ಆಣೆಗೂ ಇಲ್ಲ. ಕಣ್ಣಿಗೆ ಏನೂ ಕಾಣ್ತಿರ್ಲಿಲ್ಲ. ರಾತ್ರಿ ಫೋಟೊಗೆ ಕ್ಯಾಮೆರಾನ ಸ್ಟ್ಯಾಂಡ್ ಮೇಲಿಟ್ಟು ಅರ್ಧ ನಿಮಿಷ ಅದರ ಕಣ್ಣು ತೆರೆದೇ ಬಿಡ್ತೀವಿ. ಬೆಳಕು ತೊಟ್ಟು ತೊಟ್ಟಾಗಿ ತುಂಬ್ಕೊಳ್ಳುತ್ತೆ. ಮನೆಗೆ ಬಂದು ದೊಡ್ಡದು ಮಾಡಿ ನೋಡಿದಾಗಲೇ ಗೊತ್ತಾಗಿದ್ದು."

"ಬೇರೆ ಯಾವ ಶೆಡ್ಡಿನ ಮೇಲಾದ್ರೂ ಹೊಗೆ ಐತಾ?"

ಅವನು ಚಿತ್ರವನ್ನು ಹಿಗ್ಗಿಸಿ ಈ ತುದಿಯಿಂದ ಆ ತುದಿಗೆ ಎಳೆದ. ನೂರಾರು ತಗಡಿನ ಮಾಡು. ಎಲ್ಲೂ ಹೊಗೆ ಇರಲಿಲ್ಲ. ವರ್ಷವೆಲ್ಲ ಉಸಿರುಗಟ್ಟಿಸುವ ಪೀಣ್ಯದ ಆಕಾಶ ಆ ಒಂದು ರಾತ್ರಿ ತೊಳೆದ ಹಾಗಿತ್ತು.

"ಅಳಿಸು ಅಂದಿದ್ಯಾರು?"

"ನರಸಿಂಹಯ್ಯನವರೇ. ಸಂಘದಲ್ಲಿ ಎಲ್ಲರಿಗೂ ಫೋಟೊ ತೋರಿಸ್ದೆ, ಅವರು ಮಾತ್ರ ಪಕ್ಕಕ್ಕೆ ಕರೆದ್ರು. ಮಾಲಿನ್ಯದ ಆಫೀಸರ್ ಫಂಕ್ಷನ್‌ಗೆ ಬರ್ತಾರೆ, ಹೊಗೆ ಕಂಡ್ರೆ ಚೆನ್ನಾಗಿರಲ್ಲ ಅಂದ್ರು. ಸರಿ ಅನ್ನಿಸ್ತು."

"ಸರಿಯಾಗೇ ಐತೆ," ಎಂದಳು ರುದ್ರಮ್ಮ. "ಪ್ರಿಂಟ್ ಹಾಕು. ಎರಡೂ. ಹೊಗೆ ಇಲ್ಲದ್ದು, ಇರೋದು."

* * *

ಶೆಡ್ಡಿನ ಮುಂದೆ ಪಾತ್ರೆಗಳು ಚೆಲ್ಲಾಪಿಲ್ಲಿಯಾಗಿ ಬಿದ್ದಿದ್ದವು. ರೊಟ್ಟಿ ಹಂಚು, ಪ್ಲಾಸ್ಟಿಕ್ ಕೊಡ, ಒಂದು ತಗಡಿನ ಟ್ರಂಕು. ಶೆಡ್ಡಿಗೆ ಅಂಟಿಕೊಂಡ ಕೋಣೆಯ ಬಾಗಿಲಲ್ಲಿ ನೀಲಾಂಬಿಕಾ ಕೂತಿದ್ದಳು. ಗೇಟಿನ ಬಳಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ನರಸಿಂಹಯ್ಯ.

"ಬಾ ರುದ್ರಿ," ಎಂದ ಅವನು. "ಪೊಲೀಸಮ್ಮ ಬಂದವ್ಳೆ, ಯಾರಾನ ಕುರ್ಚಿ ಆಕ್ರಪ್ಪಾ."

ಅಲ್ಲಿ ಕುರ್ಚಿ ಹಾಕುವವರು ಯಾರೂ ಇರಲಿಲ್ಲ. ಎರಡು ವಾರದಿಂದ ಶೆಡ್ಡಿಗೆ ಬೀಗ. ಭಟ್ಟಿಯವನು ಓಡಿಹೋದ ಮೇಲೆ ಕೆಲಸ ನಿಂತಿದೆ ಎಂದು ನರಸಿಂಹಯ್ಯ ಎಲ್ಲರಿಗೂ ಹೇಳಿಕೊಂಡಿದ್ದ.

"ಈಯಮ್ಮನ ಸಾಮಾನು ಯಾಕಣ್ಣ ಬೀದಿಗೆ ಬಂತು?"

"ಕೆಲ್ಸದೋನಿಗೆ ಕೊಟ್ಟಿದ್ ರೂಮು. ಕೆಲ್ಸದೋನೇ ಇಲ್ಲ. ಕಳ್ಳನ ಎಂಡ್ತಿಗೆ ನಾನ್ಯಾಕೆ ನೆಳ್ಳು ಕೊಡ್ಲಿ?"

"ಕಳ್ಳ ಅನಬ್ಯಾಡ್ರಿ," ಎಂದಳು ನೀಲಾಂಬಿಕಾ ಕೂತಲ್ಲಿಂದಲೇ. ದನಿ ಏರಿಸಲಿಲ್ಲ. ಎರಡು ವಾರದಿಂದ ಅದೇ ಮಾತನ್ನು ಹೇಳಿ ಹೇಳಿ ಅದು ಸವೆದು ನುಣುಪಾಗಿತ್ತು.

ರುದ್ರಮ್ಮ ನಿಂತೇ ಇದ್ದಳು. "ಅಣ್ಣ, ಪೂಜೆ ದಿವ್ಸ ರಾತ್ರಿ ಬಟ್ಟಿ ಉರೀತಿತ್ತಾ?"

"ತಲೆಗಿಲೆ ಕೆಟ್ಟೈತಾ ನಿಂಗೆ? ಬಟ್ಟಿ ಬೂದಿ ತೆಗ್ದು, ತೊಳ್ದು, ವಿಭೂತಿ ಬಳ್ದು, ಕುಂಬಳಕಾಯಿ ಒಡ್ದು ಪೂಜೆ ಮಾಡವ್ರೆ. ಪೂಜೆ ಮಾಡಿದ್ ಬಟ್ಟೀನ ಅವತ್ತೇ ಯಾರಾನ ಅಚ್ತಾರಾ? ಯಾವ ಶೆಡ್ನಾಗಾದ್ರೂ ಕೇಳ್ಕೊಂಡ್ ಬಾ. ನಿಮ್ಮಪ್ಪ ನೇಗ್ಲಿಗೆ ಪೂಜೆ ಮಾಡಿ ಅವತ್ತೇ ಉಳಕ್ಕೋಯ್ತಿದ್ನಾ?" ಸ್ವಲ್ಪ ತಡೆದು ನಕ್ಕ. "ಓ, ನಿಮ್ಗೆ ನೇಗ್ಲು ಎಲ್ಲಿತ್ತು."

"ಇರ್ಲಿಲ್ಲ," ಎಂದಳು ರುದ್ರಮ್ಮ. "ಕುಡುಗೋಲಿತ್ತು. ನಮ್ಮವ್ವ ಅದಕ್ಕೇ ಕುಂಕುಮ ಇಕ್ತಿದ್ಲು. ಅವತ್ತು ಹಸುಗೆ ಹುಲ್ಲಿಲ್ದಿದ್ರೂ ಅದನ್ನ ಮುಟ್ತಿರ್ಲಿಲ್ಲ. ಅದಕ್ಕೇ ಕೇಳ್ತಿದೀನಿ."

ಅವಳು ಕವರಿನಿಂದ ಫೋಟೊ ತೆಗೆದು ಅವನ ತೊಡೆಯ ಮೇಲಿಟ್ಟಳು.

ನರಸಿಂಹಯ್ಯ ಕನ್ನಡಕ ಹಾಕಿಕೊಳ್ಳಲಿಲ್ಲ. ಏನು ನೋಡಬೇಕೆಂದು ಅವನಿಗೆ ಗೊತ್ತಿತ್ತು.

"ಇದು ಬ್ಯಾರೆ ದಿವ್ಸ ತೆಗ್ದಿರೋದು."

"ಎಲ್ಲಾ ಶೆಡ್ಡಿನ ಮೇಲೂ ಸೀರಿಯಲ್ ಸೆಟ್ಟೈತೆ."

"ದೀಪಾವಳಿಗೂ ಆಕ್ತಾರೆ ಸೀರಿಯಲ್ ಸೆಟ್ಟು."

"ಈ ವರ್ಷದ ದೀಪಾವಳಿ ಇನ್ನೂ ಬಂದಿಲ್ಲ ಅಣ್ಣ. ಫೋಟೊದಾಗಿರೋ ಸೇತುವೆ ಹೋದ ವರ್ಷ ಮುಗ್ದಿರ್ಲಿಲ್ಲ."

ರಸ್ತೆಯಲ್ಲಿ ಒಂದು ಟೆಂಪೊ ಹಳದಿ ಕೆಂಪು ಬಾವುಟ ಕಟ್ಟಿಕೊಂಡು ಹಾಡು ಹಾಕುತ್ತ ಹೋಯಿತು. ಅದು ತಿರುವು ದಾಟಿದ ಮೇಲೆ ರುದ್ರಮ್ಮ ಮುಂದುವರಿಸಿದಳು.

"ಹೊಗೆ ಅಳ್ಸಕ್ಕೆ ಹೇಳಿದ್ದು ನೀವೇ ಅಂತ ಆ ಹುಡುಗ ಒಪ್ಕೊಂಡವ್ನೆ."

"ಅವ್ನಪ್ಪನ ಮದ್ವೆ ಫೋಟೊಕ್ಕೂ ನಾನೇ ದುಡ್ ಕೊಟ್ಟಿದ್ದೆ. ನನ್ ಮೇಲೇ ಏಳ್ತಾನಾ?"

"ನರಸಿಂಹಯ್ಯನವರೇ," ಎಂದಳು ರುದ್ರಮ್ಮ. "ಬೀಗ ತೆಗೀರಿ."

ಅಣ್ಣ ಎಂಬ ಮಾತು ಹೋಗಿ ಹೆಸರು ಬಂದದ್ದನ್ನು ಅವನು ಗಮನಿಸಿದ. ಮುಖ ಬಿಗಿಯಿತು.

"ನಮ್ ಜಗಲಿ ಕೆಳ್ಗೆ ಕೂತು ಮುದ್ದೆ ತಿಂದೋಳು ನೀನು. ನಂಗೇ ಬೀಗ ತೆಗಿ ಅಂತೀಯಾ?"

"ತಿಂದಿದೀನಿ. ನಮ್ಮವ್ವ ಕಳೆ ಕಿತ್ತ ಕೂಲಿಗೆ ಕೊಟ್ಟ ಮುದ್ದೆ ಅದು. ಬೀಗ ತೆಗೀರಿ. ಇಲ್ಲ ಅಂದ್ರೆ ಒಡೆಸ್ತೀನಿ, ಸಂಘದೋರನ್ನೆಲ್ಲ ಕರೆದು ನಿಲ್ಲಿಸ್ಕೊಂಡು."

ಸಂಘದವರ ಮಾತು ಅವನಿಗೆ ತಾಗಿತು. ನಾಳೆ ಅದೇ ವೇದಿಕೆಯ ಮೇಲೆ ಅವನಿಗೆ ಹಾರ ಬೀಳಬೇಕಿತ್ತು. ಅವನು ಹೆಗಲ ಟವೆಲಿನಿಂದ ಕತ್ತು ಒರೆಸಿಕೊಂಡ.

"ಬೆಂಕಿ ನಾನ್ ಅಚ್ಚಿಲ್ಲ ಕಣಮ್ಮಿ," ಎಂದ. ದನಿ ಇಳಿದಿತ್ತು. "ಬೆಳಗ್ಗೆ ಬಂದು ನೋಡಿದ್ರೆ ಬಟ್ಟಿ ಇನ್ನೂ ಬಿಸಿ ಇತ್ತು. ಗಟ್ಟಿನೂ ಕಮ್ಮಿ ಇತ್ತು. ನಮ್ ಚಿನ್ನಪ್ಪಂದೇ ಕೆಲ್ಸ ಅಂದ್ಕಂಡೆ. ನನ್ ತಮ್ಮ ಎಂಥೋನು ಅಂತ ನಿಂಗೂ ಗೊತ್ತು. ಎಲ್ಲಿಂದ್ಲೋ ತಾಮ್ರದ್ ತಂತಿ ತರ್ತಾನೆ, ಯಾರೂ ಇಲ್ದಾಗ ಕರಗಿಸ್ತಾನೆ. ಪೂಜೆ ರಾತ್ರಿ ಆದ್ರೆ ಯಾರೂ ಇತ್ಲಾಗೆ ತಲೆ ಆಕಲ್ಲ ಅಂತ ಗೊತ್ತವ್ನಿಗೆ. ದೇವ್ರು ದಿಂಡ್ರು ಏನೂ ಇಲ್ಲ ಆ ನನ್ಮಗನಿಗೆ."

"ಅವನ ಬದ್ಲು ಭರಮಪ್ಪನ್ನ ಕಳ್ಳ ಮಾಡಿದ್ರಿ."

"ಭರಮಪ್ಪ ಎಂಗೂ ಇರ್ಲಿಲ್ಲ. ಕೂಲಿಯೋರು ಬರ್ತಾರೆ, ಓಯ್ತಾರೆ. ತಮ್ಮ ಒಬ್ನೇ."

"ಚಿನ್ನಪ್ಪ ಈಗೆಲ್ಲವ್ನೆ?"

"ಆನೇಕಲ್ಲಾಗೆ, ಎಂಡ್ತಿ ಮನೇಲಿ ಇರ್ತಾನೆ. ಫೋನ್ ಎತ್ತಲ್ಲ. ಬೈತೀನಿ ಅಂತ ಗೊತ್ತು."

ನೀಲಾಂಬಿಕಾ ಎದ್ದು ಬಂದಳು. ಸೆರಗು ಬಿಗಿದು ಸೊಂಟಕ್ಕೆ ಸಿಕ್ಕಿಸಿದ್ದಳು.

"ಕೇಳಿದ್ರಲ್ಲ ಯಕ್ಕಾ. ಅವರ ಬಾಯಿಲೆ ಬಂತು. ನನ್ನ ಗಂಡ ಕಳ್ಳ ಅಲ್ಲ ಅಂತ ಬರಕೊರ್ರಿ. ನನಗ ಅಷ್ಟ ಸಾಕ್ರಿ. ಸಾಮಾನು ಕಟಕೊಂಡು ಊರಿಗೆ ಹೊಕ್ಕೀನಿ."

"ಬರ್ಕೊತೀನಮ್ಮ. ಒಳಗೆ ನೋಡಿ ಬರ್ಕೊತೀನಿ."

"ಒಳಗೇನೈತ್ರಿ ನೋಡಾಕ? ಆತ ಹ್ವಾದ. ಬಿಟ್ಟುಬಿಡ್ರಿ."

ರುದ್ರಮ್ಮ ಅವಳ ಭುಜ ಮುಟ್ಟಿದಳು. ಚಿನ್ನಪ್ಪ ಕದ್ದ ತಾಮ್ರ ಕರಗಿಸುತ್ತಿದ್ದಾಗ ಭರಮಪ್ಪ ಕಂಡಿರಬೇಕು. ಪೂಜೆ ಮಾಡಿದ ಭಟ್ಟಿ ಹಚ್ಚಬೇಡ ಎಂದು ಅಡ್ಡ ಬಂದಿರಬೇಕು. ಆಮೇಲೆ ಏನಾಗಿರಬಹುದು ಎಂಬುದನ್ನು ಈ ಹೆಂಗಸಿನ ಮುಂದೆ ಹೇಳಲು ಅವಳಿಗೆ ಬಾಯಿ ಬರಲಿಲ್ಲ.

ನರಸಿಂಹಯ್ಯ ಬೀಗ ತೆಗೆದ.

* * *

ಒಳಗೆ ಕಮಟು ವಾಸನೆ. ನೆಲದ ಮೇಲೆ ಒಣಗಿ ಕಪ್ಪಾದ ಕುಂಬಳಕಾಯಿ ಹೋಳು, ತುಳಿದ ಕಡ್ಲೆಪುರಿ, ಬಾಡಿದ ಚೆಂಡು ಹೂವು. ಯಂತ್ರಗಳ ಮೇಲೆ ಬಳಿದ ವಿಭೂತಿ ಹಾಗೇ ಇತ್ತು. ಭಟ್ಟಿಯ ಬಾಯಿಗೆ ಬಳಿದದ್ದು ಮಾತ್ರ ಸುಟ್ಟು ಹೋಗಿತ್ತು.

ಅದು ನೆಲದಲ್ಲಿ ತೋಡಿದ ಗುಂಡಿ. ಇಟ್ಟಿಗೆ ಕಟ್ಟಿದ್ದು, ಸೊಂಟದಾಳ, ಪಕ್ಕದಿಂದ ಗಾಳಿ ಊದುವ ಮೋಟರು. ರುದ್ರಮ್ಮ ಮುಚ್ಚಳ ಸರಿಸಿದಾಗ, ತೊಳೆದು ಪೂಜೆ ಮಾಡಿದ ಗುಂಡಿಯಲ್ಲಿ ಅರ್ಧದವರೆಗೆ ಬೂದಿ ತುಂಬಿತ್ತು.

"ತಾಮ್ರ ಕರಗಿಸಕ್ಕೆ ಇಷ್ಟು ಇದ್ದಿಲು ಬೇಕಾ?"

ನರಸಿಂಹಯ್ಯ ಬಗ್ಗಿ ನೋಡಿದ. "ಬ್ಯಾಡ," ಎಂದ ಮೆಲ್ಲಗೆ. "ಇದ್ರ ಕಾಲುಭಾಗನೂ ಬ್ಯಾಡ. ನಾನ್ ಅವತ್ತು ಮುಚ್ಚಳ ತೆಗ್ದು ನೋಡ್ಲಿಲ್ಲ."

"ಕೆದಕಿ."

ಬೂದಿ ಎಳೆಯುವ ಉದ್ದ ಸಲಾಕೆ ಗೋಡೆಗೆ ಒರಗಿತ್ತು. ಅವನು ಅದನ್ನು ತೆಗೆದುಕೊಂಡಾಗ ನೀಲಾಂಬಿಕಾ ಬಾಗಿಲಿನಿಂದ ಒಂದು ಹೆಜ್ಜೆ ಮುಂದೆ ಬಂದಳು.

"ಬ್ಯಾಡ್ರಿ ಯಕ್ಕಾ. ಅದರಾಗ ಕೈ ಹಾಕಿಸಬ್ಯಾಡ್ರಿ. ನಾ ನೋಡಲಾರೆ."

"ನೀನು ಹೊರಗಿರವ್ವ."

ಅವಳು ಹೊರಗೆ ಹೋಗಲಿಲ್ಲ.

ನರಸಿಂಹಯ್ಯ ಎಳೆದ. ಬೂದಿ ಪದರ ಪದರವಾಗಿ ಜಾರಿತು. ಮೊದಲು ಲೋಹದ ಕಿಟ್ಟ, ಆಮೇಲೆ ಬಿಳಿ ಸುಣ್ಣದ ಹಾಗೆ ಪುಡಿಯಾಗುವ ಚೂರುಗಳು. ಅವು ಏನೆಂದು ಮೂವರಿಗೂ ಗೊತ್ತಾಯಿತು. ನರಸಿಂಹಯ್ಯ ಎಳೆಯುವುದನ್ನು ನಿಲ್ಲಿಸಲಿಲ್ಲ. ನಿಲ್ಲಿಸಿದರೆ ತನ್ನ ತಮ್ಮ ಏನು ಮಾಡಿದ್ದಾನೆಂದು ಒಪ್ಪಿಕೊಂಡ ಹಾಗೆ ಎಂದುಕೊಂಡವನಂತೆ ಎಳೆಯುತ್ತಲೇ ಇದ್ದ.

ಸಲಾಕೆಗೆ ಏನೋ ತಗುಲಿ ಟಣ್ ಎಂದಿತು.

ರುದ್ರಮ್ಮ ಗುಂಡಿಯ ಅಂಚಿಗೆ ಕೂತು ಕೈಬಟ್ಟೆಯಲ್ಲಿ ಅದನ್ನು ಎತ್ತಿದಳು. ಒಂದು ಗೇಣಿಗಿಂತ ಸ್ವಲ್ಪ ಕಮ್ಮಿ ಉದ್ದದ ಉಕ್ಕಿನ ಪಟ್ಟಿ. ಉದ್ದಕ್ಕೂ ತೂತು, ಎರಡು ತೂತಿನಲ್ಲಿ ಇನ್ನೂ ಕಚ್ಚಿಕೊಂಡ ಸ್ಕ್ರೂ. ಹಿತ್ತಾಳೆ ಕರಗುವ ಬೆಂಕಿಯಲ್ಲೂ ಅದು ಕಪ್ಪಾಗಿತ್ತೇ ಹೊರತು ಕರಗಿರಲಿಲ್ಲ. ಮುರಿದ ಕಾಲಿಗೆ ಆಸ್ಪತ್ರೆಯಲ್ಲಿ ಇಂಥದ್ದನ್ನು ಕೂರಿಸುತ್ತಾರೆ.

"ನೀಲಾಂಬಿಕಾ," ಎಂದಳು ಅವಳು, ತಿರುಗದೆಯೇ. "ನಿನ್ ಗಂಡನ ಕಾಲಿಗೆ ಆಪರೇಷನ್ ಆಗಿತ್ತೇನವ್ವ?"

"ಹೌದ್ರಿ."

ಮಾತು ಬಹಳ ಬೇಗ ಬಂತು.

"ಯಾವ ಕಾಲು?"

"ಬಲಗಾಲ್ರಿ. ಅವರದ ಅದು. ಕೊಡ್ರಿ ಇಲ್ಲೆ, ಮಣ್ಣ ಮಾಡತೀನಿ."

ಕಾಣೆಯಾದವನ ಚಹರೆಯನ್ನು ರುದ್ರಮ್ಮನೇ ಇವಳ ಬಾಯಿಂದ ಕೇಳಿ ಬರೆದುಕೊಂಡಿದ್ದಳು. ಎತ್ತರ, ಮೀಸೆ, ಎದೆಯ ಮೇಲಿನ ಸುಟ್ಟ ಕಲೆ ಎಲ್ಲ ಹೇಳಿದವಳು ಕಾಲಿನ ಮಾತೇ ಆಡಿರಲಿಲ್ಲ.

ಸಲಾಕೆ ನೆಲಕ್ಕೆ ಬಿದ್ದ ಸದ್ದಾಯಿತು. ನರಸಿಂಹಯ್ಯ ಗುಂಡಿಯ ಅಂಚಿನಲ್ಲಿ ಕುಸಿದು ಕೂತಿದ್ದ. ಕೈ ಚಾಚಿ ಆ ಪಟ್ಟಿಯನ್ನು ಮುಟ್ಟಿದ, ತಕ್ಷಣ ಕೈ ಹಿಂದೆಗೆದುಕೊಂಡ.

"ಅಲ್ಲ," ಎಂದ. "ಇದು ನಮ್ ಚಿನ್ನಪ್ಪಂದು. ಲಾರಿ ಗುದ್ದಿತ್ತಲ್ಲ, ಆಗ ಆಕಿದ್ದು. ಎಕ್ಸ್‌ರೇ ಇನ್ನೂ ನಮ್ಮನೇಲೈತೆ. ತಮ್ಮಂದು ಇದು, ರುದ್ರೀ. ನನ್ ತಮ್ಮಂದು."

ಮೇಲೆ ಬಿಸಿಲಿಗೆ ತಗಡು ಹಿಗ್ಗುವ ಚಟಚಟ ಸದ್ದು ಕೇಳಿಸುತ್ತಿತ್ತು.

ರುದ್ರಮ್ಮ ಎದ್ದು ನಿಂತಳು. ಎರಡು ವಾರ ಠಾಣೆಯ ಮೆಟ್ಟಿಲ ಮೇಲೆ ಚಹಾ ತರಿಸಿಕೊಟ್ಟು, ಇನ್‌ಸ್ಪೆಕ್ಟರ ಬೈಗುಳ ತಿಂದು, ಯಾವ ಹೆಂಗಸಿನ ಪರ ನಿಂತಿದ್ದಳೋ ಅವಳನ್ನು ಈಗ ಮೊದಲ ಸಲ ನೋಡುವವಳ ಹಾಗೆ ನೋಡಿದಳು. ನಡೆದು ಹೋಗಿ ಬಾಗಿಲಿಗೆ ಅಡ್ಡ ನಿಂತಳು.

"ಭರಮಪ್ಪ ಎಲ್ಲವ್ನೆ?"

"ಗೊತ್ತಿಲ್ರಿ."

"ಬದುಕವ್ನೆ."

ನೀಲಾಂಬಿಕಾ ಇಲ್ಲವೆನ್ನಲಿಲ್ಲ.

"ನಿನ್ ಗಂಡ ಸತ್ತ ಅಂತ ನಾವು ನಂಬಿದ್ರೆ ಯಾರೂ ಹುಡುಕಲ್ಲ. ಅದಕ್ಕೇ ನೀನು ದಿನಾ ಬಂದು ಕೂತ್ಕೊಂಡೆ. ನನ್ನೇ ಕಾವಲಿಗೆ ಇಟ್ಕೊಂಡೆಯಲ್ಲವ್ವ."

"ಆತನ್ನ ಹುಡುಕಬ್ಯಾಡ್ರಿ." ಈಗ ಆ ದನಿಯಲ್ಲಿ ಬೇಡಿಕೆ ಇರಲಿಲ್ಲ. "ಭಟ್ಟಿ ಹಚ್ಚಿದಾಕಿ ನಾನ್ರಿ. ಪೂಜಿ ಮಾಡಿದ ಕೈ, ಇವತ್ತ ಇದನ್ನ ಮುಟ್ಟೂದಿಲ್ಲ ಅಂತ ನನ್ನ ಗಂಡ ಹೊರಗ ಕುಂತು ಅಳತಿದ್ದ. ನಾನ ಇದ್ಲಿ ಸುರುವಿದೆ, ನಾನ ಮೋಟರ್ ಹಾಕಿದೆ. ಬರಕೊರ್ರಿ."

ನರಸಿಂಹಯ್ಯನ ಕೈ ಸಲಾಕೆಯ ಕಡೆ ಹೋಯಿತು. ರುದ್ರಮ್ಮ ಎರಡೇ ಹೆಜ್ಜೆಯಲ್ಲಿ ಬಂದು ಅದರ ಮೇಲೆ ಬೂಟುಗಾಲಿಟ್ಟಳು.

"ಯಾಕೆ?" ಎಂದು ಕೇಳಿದಳು. ಕೇಳಿದ್ದು ನೀಲಾಂಬಿಕಾಳನ್ನು, ಕಣ್ಣು ಮಾತ್ರ ನರಸಿಂಹಯ್ಯನ ಕೈಯ ಮೇಲಿತ್ತು. "ಏನ್ ಮಾಡಿದ್ದ ಚಿನ್ನಪ್ಪ?"

ನೀಲಾಂಬಿಕಾ ಸೊಂಟದ ಸೆರಗು ಬಿಚ್ಚಿ ಮೈ ತುಂಬ ಹೊದ್ದುಕೊಂಡಳು.

"ಈ ಮನಷಾನ ಹೊರಗ ಕಳಿಸ್ರಿ. ಅಣ್ಣನ ಮುಂದ ಹೇಳೂವಂಥಾದ್ದಲ್ಲ ಅದು."

ನರಸಿಂಹಯ್ಯ ಬೂದಿಯಲ್ಲಿ ಕೂತಲ್ಲಿಂದ ಏಳಲಿಲ್ಲ.

"ನನ್ ಮುಂದೇನೇ ಏಳ್ಲಿ," ಎಂದ. "ಕೇಳಿದ್ ಮೇಲೆ ನಾನೂ ಒಂದ್ ಮಾತು ಏಳ್ಬೇಕು. ಅವತ್ತು ತಾಮ್ರ ಕರಗ್ಸಕ್ಕೆ ಅಂತ ಚಿನ್ನಪ್ಪನ್ನ ಇಲ್ಲಿಗೆ ಕಳ್ಸಿದ್ದು ನಾನೇ."